ಪೂವಯ್ಯಣ್ಣನ ಪೆಟ್ರೋಲ್ ಟ್ಯಾಪು

ಸಂಪಾಜೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜಿದೆ. ದೆವ್ವಗಿವ್ವ ನಂಬುವ ಜನ ಅಲ್ಲ ನಾನು. ನಡೆದದ್ದನ್ನಷ್ಟೇ ಹೇಳ್ತೇನೆ.

ತೀರಿಹೋದ ಪೂವಯ್ಯಣ್ಣನ ಹಳೇ ಬೈಕನ್ನು ಈಗ ಮಗಳು ಅಶ್ವಿತಾ ಓಡಿಸ್ತಾಳೆ. "ಅಣ್ಣಾ, ದಿನಾ ಸಂಜೆ ನಮ್ಮ ಗೇಟಿನೆದುರೇ ಆಫ್ ಆಗ್ತದೆ. ಬೇರೆಲ್ಲೂ ಇಲ್ಲ," ಅಂತ ತಂದುಬಿಟ್ಟಳು. ಕಾರ್ಬುರೇಟರ್ ಬಿಚ್ಚಿ ಜೆಟ್ ಊದಿದೆ, ಫ್ಲೋಟ್ ನೋಡಿದೆ. ಚಿಟಿಕೆ ಕಸವೂ ಇರಲಿಲ್ಲ.

ಆಗ ನೆನಪಾಯ್ತು. ಪೂವಯ್ಯಣ್ಣ ಮನೆಗೆ ಹೋಗುವಾಗ ಸೇತುವೆಯ ಹತ್ತಿರವೇ ಬಗ್ಗಿ, ಟ್ಯಾಂಕಿನಡಿ ಎಡಮೊಣಕಾಲಿನ ಪಕ್ಕ ಇರುವ ಪೆಟ್ರೋಲ್ ಟ್ಯಾಪ್ ಮುಚ್ಚುತ್ತಿದ್ದರು. ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲು ಲೆಕ್ಕ ಹಾಕಿದಂತೆ ಗೇಟಿನ ತನಕ ಬರ್ತಿತ್ತು. "ರಾತ್ರಿಯೆಲ್ಲ ಸೋರಬಾರದಲ್ಲ ಮಾರಾಯ," ಅನ್ನುತ್ತಿದ್ದರು.

ನೋಡಿದರೆ ಟ್ಯಾಪು ತೆರೆದ ಹಾಗೇ ಬಿಗಿದುಹೋಗಿತ್ತು. ಇಕ್ಕಳ ಹಾಕಿದರೂ ತಿರುಗಲಿಲ್ಲ. ಅದನ್ನೇ ಕಿತ್ತು ಜೇಬಿಗೆ ಹಾಕಿಕೊಂಡು, ಟ್ಯಾಂಕಿನಿಂದ ಕಾರ್ಬುರೇಟರಿಗೆ ನೇರ ಪೈಪ್ ಕೊಟ್ಟೆ. ಸಂಜೆ ನಾನೇ ಓಡಿಸಿದೆ. ಸೇತುವೆ ದಾಟುವಾಗ ಎಡಮೊಣಕಾಲಿನ ಪಕ್ಕ ತಣ್ಣಗೆ ಏನೋ ತಾಗಿತು, ಯಾರೋ ಕೈ ಚಾಚಿದ ಹಾಗೆ.

ಗೇಟಿನೆದುರು ಬೈಕು ನಿಂತಿತು. ಟ್ಯಾಂಕ್ ತುಂಬ ಪೆಟ್ರೋಲು. ಕಾರ್ಬುರೇಟರ್ ಒಣಗಿತ್ತು.

ಪೂವಯ್ಯಣ್ಣನ ಹೆಂಡತಿ ತಂಗಮ್ಮಕ್ಕ ಹೊರಗೆ ಬಂದರು. "ಸರಿ ಮಾಡ್ಬೇಡ ತಮ್ಮಾ," ಅಂದರು. "ಇದು ಇಲ್ಲಿ ಬಂದು ನಿಂತ ಮೇಲೇ ಅಲ್ವಾ ನಾನು ಇವತ್ತಿಗೂ ಕಾಫಿಗೆ ನೀರಿಡೋದು?"

ಜೇಬಿನಿಂದ ಟ್ಯಾಪು ತೆಗೆದು ಅವರ ಕೈಗೆ ಕೊಡಲು ಹೋದೆ.

ಅದು ಮುಚ್ಚಿತ್ತು.