ಆರದ ಬೆಲ್ಟು

ಇಟಲಿಯ ಇಮೋಲಾದ ನಮ್ಮ ಗ್ಯಾರೇಜಿನಲ್ಲಿ ಬೈಕಿನ ಎಂಜಿನ್ನಿನ ಟೈಮಿಂಗ್ ಬೆಲ್ಟು ಬದಲಾಯಿಸಿದರೆ ಹಳೆಯದನ್ನು ಗಿರಾಕಿಯ ಕೈಗೇ ಕೊಡುತ್ತೇವೆ. ಕೆಲಸಕ್ಕೆ ಅದೇ ಸಾಕ್ಷಿ. ಸೋಮಾರಿತನಕ್ಕೆ ನಾನು ಓರೆಸ್ತೆ ಎಂಬ ಗಿರಾಕಿಗೆ ಇನ್ಯಾರದೋ ಹಳೆಯ ಬೆಲ್ಟು ಕೊಟ್ಟು ಕಳಿಸಿದ್ದೆ. ಅವನ ಬೈಕಿನ ಬೆಲ್ಟನ್ನು ನಾನು ಮುಟ್ಟಿರಲೇ ಇಲ್ಲ. ಬೆಟ್ಟದ ತಿರುವಿನಲ್ಲಿ ಅದು ಹರಿದು, ಎಂಜಿನ್ ಜಾಮಾಗಿ ಚಕ್ರ ಕಚ್ಚಿಕೊಂಡಿತು. ಅವನು ಸತ್ತ.

ಅವನ ಹೆಂಡತಿ ನೊರ್ಮಾ ಆ ಸಾಕ್ಷಿಯ ಬೆಲ್ಟನ್ನು ತಂದು ಮೇಜಿನ ಮೇಲಿಟ್ಟಳು. "ಇದರ ಬಿಸಿ ಆರ್ತಾನೇ ಇಲ್ಲ. ನೀವೇ ಇಟ್ಕೊಳ್ಳಿ."

"ಬಿಸಿಲಲ್ಲಿ ತಂದಿದೀರಲ್ಲ, ಸಿನ್ಯೋರಾ," ಎಂದು ನಕ್ಕು ಅದನ್ನು ಕಸದ ತೊಟ್ಟಿಗೆಸೆದೆ. ಬೆರಳು ಸುಟ್ಟಿತ್ತು.

ಮರುದಿನದಿಂದ, ಬಿಡಿಭಾಗದ ನಂಬರು ನೋಡಿ ತರಿಸಿದ ಹೊಸ ಬೆಲ್ಟುಗಳೂ ಪೊಟ್ಟಣದೊಳಗೇ ಬಿಸಿಯಾಗಿರುತ್ತಿದ್ದವು. ಕೈಗವಸು ತೊಟ್ಟು ಅವನ್ನೇ ಗಿರಾಕಿಗಳ ಬೈಕಿಗೆ ಹಾಕಿಕೊಟ್ಟೆ.

ಮೊನ್ನೆ ನನ್ನ ಸ್ವಂತ ಬೈಕನ್ನೂ ಮಾರಿದೆ. ಕೊಂಡವನು ಎಂಜಿನ್ ಮುಟ್ಟಿ, "ಈಗಷ್ಟೇ ಓಡಿಸಿ ತಂದ್ರಾ?" ಎಂದ.

"ಹೌದು," ಎಂದೆ. ಎರಡು ವರ್ಷದಿಂದ ಅದನ್ನು ಚಾಲೂ ಮಾಡಿರಲಿಲ್ಲ.