ಟೀ ಡಬ್ಬಿಯಲ್ಲಿ ಪರಾಗ

ಮರುಭೂಮಿಯಂಚಿನ ಕೂಬೂಸ್ ಊರಿನ ಮೀಟಾಳ ಅಂಗಳದಲ್ಲಿ ದಪ್ಪಕಾಂಡದ ಪೆಲಾರ್ಗೋನಿಯಂ ಗಿಡ ಹೂಬಿಟ್ಟಿತ್ತು. ಆದರೆ ತನ್ನದೇ ಪರಾಗದಿಂದ ಅದು ಕಾಯಿ ಕಟ್ಟದು. ಬೆಟ್ಟದಲ್ಲಿದ್ದ ಅದರ ಜೊತೆಯ ಗಿಡಗಳನ್ನೆಲ್ಲ ಕಳ್ಳರು ಮಾರಾಟಕ್ಕೆಂದು ಕಿತ್ತೊಯ್ದಿದ್ದರು. ಉಳಿದ ಈ ಒಂದನ್ನು ತಂದು ನೆಟ್ಟವನು ಅವಳ ಗಂಡ ವಿಲ್ಲೆಮ್. ಅವನು ಸತ್ತ ಮೇಲೆ ಸಂಜೆಯ ಮಾತುಕತೆಗೆ ಅವಳಿಗೆ ಗಿಡವೇ ಗತಿ. ಈಗ ಅದರ ಬುಡವೂ ಟೊಳ್ಳಾಗುತ್ತಿತ್ತು. ಬೀಜವಾಗದಿದ್ದರೆ ಎಲ್ಲ ಮುಗಿದಂತೆ.

ಮೇಲಿನ ಬಂಡೆಯಲ್ಲಿ ಇನ್ನೊಂದು ಗಿಡ ಕಂಡೆನೆಂದು ಆಡು ಮೇಯಿಸುವ ಭಾವ ಅಪೋಲ್ಸ್ ಹೇಳಿದ್ದೇ ತಡ, ಮೀಟಾ ಅವನನ್ನೂ ಕರೆದುಕೊಂಡು ಹೊರಟಳು.

"ಹೂವಿಗೆ ಗಂಡು ಹುಡುಕೋಕೆ ಬೆಟ್ಟ ಹತ್ತೋದಾ?"

"ನಿಮಗೋಸ್ಕರಾನೂ ಯಾರಾದ್ರೂ ಹತ್ತಿದ್ರೆ ಇಷ್ಟೊತ್ತಿಗೆ ಮದುವೆ ಆಗಿರ್ತಿತ್ತು ಭಾವ."

ಕಣಿವೆಯುದ್ದಕ್ಕೂ ಕೆಂಪು ಕಲ್ಲು, ನಡುನಡುವೆ ಬಿಳಿ ಹರಳು. ಗಿಡಗಳಿದ್ದ ಕಡೆಯಲ್ಲೆಲ್ಲ ಗುಂಡಿಗಳಷ್ಟೇ ಉಳಿದಿದ್ದವು. ತಮ್ಮದೇ ಬೂಟಿನ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ. ಬಂಡೆಯ ನೆರಳಿನ ಬಿರುಕಿನಲ್ಲಿ, ಹಿಡಿಮಣ್ಣೂ ಇಲ್ಲದ ಕಡೆ, ಗಂಟುಗಂಟಾದ ಗಿಡ ಒಂಟಿಯಾಗಿ ನಿಂತಿತ್ತು. ಬೇಸಿಗೆಯ ನಿದ್ದೆಗೆ ಎಲೆ ಆಗಲೇ ಹಳದಿಯಾಗಿತ್ತು, ಹೂ ಇನ್ನೂ ಇತ್ತು.

ಮೀಟಾ ಆಡುಕೂದಲ ಕುಂಚದಿಂದ ಪರಾಗವನ್ನು ಬೆಂಕಿಪೊಟ್ಟಣಕ್ಕೆ ಉದುರಿಸಿಕೊಂಡಳು.

ಅಷ್ಟರಲ್ಲಿ ಸಮುದ್ರದ ಕಡೆಯಿಂದ ಮಂಜು ಬಂತು. ಈ ಗಿಡಗಳು ಬದುಕುವುದೇ ಅದನ್ನು ಕುಡಿದು. ಊರೇ ಅದಕ್ಕಾಗಿ ಕಾಯುತ್ತದೆ. ಮೀಟಾ ಮಾತ್ರ ಮೊದಲ ಸಲ ಅದಕ್ಕೆ ಶಾಪ ಹಾಕಿದಳು. ಒದ್ದೆಯಾದರೆ ಪರಾಗ ಹಾಳು. ಪೊಟ್ಟಣವನ್ನು ದಾರಿಗೆಂದು ತಂದಿದ್ದ ಟೀ ಡಬ್ಬಿಯ ಒಣ ಎಲೆಯೊಳಗೆ ಹೂತು ಮುಚ್ಚಳ ಬಿಗಿದಳು.

"ಚಳಿ ಕಣೆ. ಒಂದೇ ಒಂದು ಲೋಟ ಟೀ..."

"ಊರು ಸೇರೋವರೆಗೂ ಮುಚ್ಚಳ ತೆಗೆಯಲ್ಲ."

ಅಪೋಲ್ಸ್ ಬರೀ ಬಿಸಿನೀರು ಕುಡಿದು ಮುಖ ಹಿಂಡಿದ.

ಇಳಿಯುವಾಗ ಕಲ್ಲು ಜಾರಿತು. ಅಪೋಲ್ಸ್ ಅಂಚಿನಿಂದ ನೇತಾಡಿದ. ಮೀಟಾ ಎರಡೂ ಕೈ ಚಾಚಿ ಅವನ ಕೋಟು ಹಿಡಿದಳು. ಅವಳ ಕೈಯಲ್ಲಿದ್ದ ಡಬ್ಬಿ ಠಣಠಣ ಉರುಳುತ್ತ ಮಂಜಿನೊಳಗೆ ಹೋಯಿತು.

ಅವನನ್ನು ಮೇಲೆಳೆದುಕೊಂಡು ಅವಳು ಅಲ್ಲೇ ಕೂತಳು.

"ಡಬ್ಬಿ ಹಿಡ್ಕೊಂಡು ನನ್ನ ಬಿಡ್ತೀಯ ಅಂದ್ಕೊಂಡೆ."

"ಅರೆಗಳಿಗೆ ಯೋಚನೆ ಮಾಡಿದೆ ಭಾವ."

ಇಬ್ಬರೂ ತಡಕುತ್ತ ಕೆಳಗಿಳಿದರು. ಡಬ್ಬಿ ನೆಗ್ಗಿತ್ತು, ಮುಚ್ಚಳ ಬಿಟ್ಟಿರಲಿಲ್ಲ.

ಮನೆ ಮುಟ್ಟಿದವಳೇ ಹೂಹೂವಿಗೂ ಪರಾಗ ಸವರಿದಳು. ಅಪೋಲ್ಸ್ ತನ್ನ ಟೀ ಕುಡಿದು ಆಡುಗಳ ಕಡೆ ಹೋದ. ಮುಂದಿನ ವಾರಗಳಲ್ಲಿ ದಳ ಉದುರಿ, ಹಕ್ಕಿಕೊಕ್ಕಿನಂಥ ಕಾಯಿಗಳು ಉದ್ದವಾಗಿ, ಕೊನೆಗೆ ಒಡೆದು ಗರಿಬಾಲದ ಬೀಜಗಳು ಹೊರಬಂದವು. ಮೀಟಾಗೆ ಖುಷಿಯಾಯಿತು, ತನ್ನ ಮನೆಯಲ್ಲಿ ತೊಟ್ಟಿಲು ತೂಗಲೇ ಇಲ್ಲವಲ್ಲ ಎಂದು ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಗಿಡ ಎಲೆ ಉದುರಿಸಿ ಮಲಗಿತ್ತು. ಬೇಸಿಗೆಯಲ್ಲಿ ನೀರು ಹಾಕಿದರೆ ಕೊಳೆಯುತ್ತದೆಂದು ವಿಲ್ಲೆಮ್ ಹೇಳುತ್ತಿದ್ದ. ಅವಳು ಬರಿಗೈಯಲ್ಲಿ ಪಕ್ಕದಲ್ಲಿ ಕೂತಳು.

"ಮಕ್ಕಳಾದ್ವು ಕಣ್ರೀ," ಎಂದಳು, ವಿಲ್ಲೆಮ್‌ಗೆ ಕೇಳಿಸಲಿ ಎಂದು ಕೊಂಚ ಜೋರಾಗಿಯೇ.