ಬೇಕಾದಷ್ಟಪ್ಪ ನುಂಗಿದ ಹೆಸರುಗಳು

ಬೆಟ್ಟಗಳು ಇನ್ನೂ ಕೂರಲು ಜಾಗ ಹುಡುಕುತ್ತಾ ತಿರುಗುತ್ತಿದ್ದ ಕಾಲ. ಆಗ ಮಿಣುಕಾವತಿ ಎಂಬ ರಾಜ್ಯವಿತ್ತು. ಎಲ್ಲಿತ್ತು ಅಂತ ಮಾತ್ರ ಕೇಳಬೇಡಿ, ಹುಡುಕಿಕೊಂಡು ಹೋದವರೆಲ್ಲ ಅಲ್ಲೇ ಉಳಿದುಬಿಟ್ಟರು.

ಆ ರಾಜ್ಯದಲ್ಲಿ ಮನೆಗೊಂದು ಹಿತ್ತಾಳೆ ಪರಾತ, ಅಂದರೆ ಅಂಚೆತ್ತಿದ ಅಗಲ ತಟ್ಟೆ. ಅದಕ್ಕೆ ನೀರು ತುಂಬಿ ಕವಡೆ ಎಸೆದರೆ ನೀರಿನ ಮೇಲೆ ಚೌಕಾಬಾರದ ಮನೆಗಳು ಬೆಳಗುತ್ತಿದ್ದವು. ಏಳು ಬೆಟ್ಟದಾಚೆಯವರು ತಮ್ಮ ಪರಾತದ ಮುಂದೆ ಕೂತು ನಿಮ್ಮ ಜೊತೆ ಆಡಬಹುದಿತ್ತು. ಮುಖ ಕಾಣುತ್ತಿರಲಿಲ್ಲ, ಬೈಗುಳ ಮಾತ್ರ ಸ್ಪಷ್ಟವಾಗಿ ಕೇಳುತ್ತಿತ್ತು.

ಆಟಕ್ಕಿಂತ ದೊಡ್ಡ ಹುಚ್ಚು ಗುಟ್ಟುಮಾತಿನದು. ಈಗಿನವರು ಕೋಡ್ ಎನ್ನುತ್ತಾರಲ್ಲ, ಅದೇ. ಕಾಡಿನ ಮಾಯಾಪ್ರಾಣಿಗಳ ಹತ್ತಿರ ಅವು ಸಿಗುತ್ತಿದ್ದವು. ನೀರಿನ ಮೇಲೆ ಬಗ್ಗಿ ಮೊದಲು ಹೆಸರು, ಆಮೇಲೆ ಗುಟ್ಟುಮಾತು ಹೇಳಿದರೆ ಒಳಗಿಂದ ಉಡುಗೊರೆ ಎದ್ದುಬರುತ್ತಿತ್ತು. ಒಂದು ಹೆಸರಿಗೆ ಒಂದು ಮಾತು ಒಂದೇ ಸಲ. ಮತ್ತೆ ಹೇಳಿದರೆ “ಆಯ್ತಲ್ಲ!” ಎಂದು ನೀರು ಗದರುತ್ತಿತ್ತು. ಉಡುಗೊರೆ ಪಡೆದವರ ಹೆಸರನ್ನು ರಾಜ್ಯದ ಪರಾತಗಳೆಲ್ಲ ಒಟ್ಟಿಗೆ ಕೂಗಿ ಹೇಳುತ್ತಿದ್ದವು. ಅಕ್ಕಪಕ್ಕದವರ ಹೊಟ್ಟೆ ಉರಿಯಲಿ ಅಂತಲೇ ಆ ಏರ್ಪಾಟು.

ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವಂದಿರು ಮಗುವಿನ ಹೆಸರು ಹೇಳಿ, “ಬಾ ಕಂದ, ಆಡು” ಎಂಬ ಮೊದಲ ಮಾತು ನುಡಿಯುತ್ತಿದ್ದರು. ನೀರು ಗಿಲಗಿಲ ಎನ್ನುವ ಒಂದು ಗಿಲಕಿ ಕೊಡುತ್ತಿತ್ತು. ಅದನ್ನು ಉಡುಗೊರೆ ಅಂತ ಯಾರೂ ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಇಂಥ ರಾಜ್ಯಕ್ಕೆ ಒಬ್ಬ ಮಾಯಾವಿ ಬಂದ. “ಪ್ರಾಣಿಗಳ ಹಿಂದೆ ಯಾಕ್ರಪ್ಪಾ ಅಲೀತೀರಿ? ಗುಟ್ಟುಮಾತು ಬೇಕಾದಷ್ಟು ಕೊಡ್ತೀನಿ. ನಿಮ್ಮ ಹೆಸರು ನನಗೆ ಕೊಟ್ಟುಬಿಡಿ, ಸಾಕು” ಎಂದ. ಅವನ ಹೆಸರೇನೆಂದು ಯಾರಿಗೂ ತಿಳಿಯದು. ಜನ ಬೇಕಾದಷ್ಟಪ್ಪ ಎಂದು ಕರೆದರು.

ಸುಗ್ಗಿ ಎಂಬ ಹುಡುಗಿಯ ಅಣ್ಣ ಆಸೆಗೆ ಬಿದ್ದು ಹೆಸರು ಕೊಟ್ಟ. ಮಾಯಾವಿ ಅದನ್ನು ಗುಳುಂ ಎಂದು ನುಂಗಿ, ತನ್ನ ಕೋಟೆಗೆ ಹೋಗಿ ಆ ಹೆಸರು ಹಿಡಿದು ಕರೆದ. ಅಣ್ಣ “ಓ” ಎಂದವನೇ ಪರಾತದ ನೀರಿಗಿಳಿದು, ಮಾಯಾವಿಯ ಆಟದ ಕಾಯಿಯಾಗಿಬಿಟ್ಟ. ಆ ಕಾಯಿಯನ್ನು ಎದುರಾಳಿ ಹೊಡೆದರೆ ಬೂದಿಯೇ ಗತಿ. ನುಂಗಿದ ಹೆಸರು ಬೇರೆ ಯಾರ ನೆನಪಿನಲ್ಲೂ ನಿಲ್ಲುತ್ತಿರಲಿಲ್ಲ.

“ಹೆತ್ತ ಮಗನ ಹೆಸರೇ ನಾಲಿಗೆಗೆ ಬರ್ತಿಲ್ವಲ್ಲೇ ಸುಗ್ಗಿ!” ಎಂದು ಅವ್ವ ಬಾಯಿ ತೆರೆದೇ ಕೂತಳು.

“ಹೆಸರು ತರ್ತೀನಿ ಇರವ್ವ. ಅಣ್ಣ ಅದರ ಹಿಂದೆ ತಾನೇ ಬರ್ತಾನೆ” ಎಂದಳು ಸುಗ್ಗಿ. ಸಣ್ಣದೊಂದು ಪರಾತ ತಲೆ ಮೇಲೆ ಇಟ್ಟುಕೊಂಡು ಹೊರಟಳು.

ಕಾಡಿನಲ್ಲಿ ಮೊದಲು ಸಿಕ್ಕಿದ್ದು ಎರಡು ತಲೆಯ ಹಕ್ಕಿ. ಅರ್ಧ ಗುಟ್ಟುಮಾತು ಈ ತಲೆಯಲ್ಲಿ, ಅರ್ಧ ಆ ತಲೆಯಲ್ಲಿ. ಜಗಳವಾಗಿ ಎರಡರ ನಡುವೆ ಮಾತು ಬಿಟ್ಟುಹೋಗಿತ್ತು.

“ನಿನಗೆ ಮರೆತುಹೋಗಿದೆಯಂತೆ, ಆ ಕಡೆಯವರು ಹೇಳಿದ್ರು” ಎಂದಳು ಸುಗ್ಗಿ ಬಲಗಡೆಯ ತಲೆಗೆ. ಎಡಗಡೆಯದಕ್ಕೂ ಅದನ್ನೇ ಹೇಳಿದಳು. ಎರಡೂ ಸಿಟ್ಟಿನಿಂದ ತಮ್ಮ ತಮ್ಮ ಅರ್ಧ ಕಿರುಚಿದವು.

ಸುಗ್ಗಿ ನೀರಿಗೆ ಬಗ್ಗಿದಳು. “ಯಾರ ಹೆಸರಿಗೆ?” ಎಂದಿತು ನೀರು.

“ನಮ್ಮಣ್ಣನಿಗೆ.”

“ಅದು ಹೆಸರಲ್ಲ.”

ವಿಧಿಯಿಲ್ಲದೆ ತನ್ನ ಹೆಸರನ್ನೇ ಹೇಳಿದಳು. ರೆಕ್ಕೆಯ ಕುದುರೆ ಎದ್ದುಬಂತು. ಎಂಟು ಕಾಲಿತ್ತು ಎನ್ನುವವರಿದ್ದಾರೆ. ಇದ್ದದ್ದು ನಾಲ್ಕೇ, ವೇಗಕ್ಕೆ ಹಾಗೆ ಕಂಡಿತು. ಅದರ ಬೆನ್ನ ಮೇಲಿಂದ ಅವಳು ನಕ್ಷತ್ರಗಳನ್ನು ಪಕ್ಕದಿಂದ ನೋಡಿದಳು. ಮುಂಭಾಗ ಮಾತ್ರ ಹೊಳೆಯುವುದು, ಹಿಂದೆಲ್ಲ ಹುಲ್ಲು ಬೆಳೆದಿತ್ತು.

ಆಮೇಲೆ ಸಿಕ್ಕಿದ್ದು ಸರೋವರವನ್ನೇ ಬೆನ್ನ ಮೇಲೆ ಹೊತ್ತ ಆಮೆ. ಅದರ ಕಣ್ಣು ತೆರೆದಿರುವಷ್ಟು ಹೊತ್ತು ಮಾತ್ರ ಅದರ ಗುಟ್ಟುಮಾತಿಗೆ ಜೀವ. ಆದರೆ ಮಾತು ಅರ್ಧಕ್ಕೆ ಬರುವಷ್ಟರಲ್ಲಿ ಆಮೆಗೆ ನಿದ್ದೆ. ಸುಗ್ಗಿ ಅಂಗಾಲಿಗೆ ಕಚಗುಳಿಯಿಟ್ಟಳು. ಆಮೆ ನಕ್ಕಿತು, ಸರೋವರ ತುಳುಕಿತು, ಮೀನುಗಳು ಆಕಾಶಕ್ಕೆ ಹಾರಿ ಅಲ್ಲೇ ಈಜತೊಡಗಿದವು. ನಗುತ್ತಲೇ ಆಮೆ ಮಾತು ಮುಗಿಸಿತು.

“ಯಾರ ಹೆಸರಿಗೆ?” “ನಮ್ಮಣ್ಣನಿಗೆ.” “ಅದು ಹೆಸರಲ್ಲ.”

ಈ ಸಲ ಸುಗ್ಗಿಯ ಹೆಸರಿಗೆ ಬಂದದ್ದು ಮಂಜಿನ ಛತ್ರಿ. ಅದರಡಿ ನಿಂತವರನ್ನು ಯಾವ ಮಂತ್ರವೂ ತಾಕದು.

ಕೊನೆಗೆ ಸಿಕ್ಕಿದ್ದು ಬೆಳಕಿನ ಹುಲಿ. ಸುಳ್ಳು ಹೇಳಿದವರನ್ನು ತಿನ್ನುವುದು ಅದರ ಪದ್ಧತಿ.

“ಏನು ಬೇಕು?”

“ಗುಟ್ಟುಮಾತು ಬೇಡ, ಅಣ್ಣ ಬೇಕು. ಭಯವಾಗ್ತಿದೆ” ಎಂದಳು ಸುಗ್ಗಿ.

ಹುಲಿ ಅವಳ ಮುಂದೆ ಮಲಗಿತು. “ಹೆಸರುಗಳೆಲ್ಲ ಅವನ ಹೊಟ್ಟೆಯಲ್ಲಿವೆ ಮಗಳೇ. ಹೆಸರು ಹಿಡಿದು ಕರೆದರೆ ಓ ಎನ್ನಬೇಕು, ಅದು ಅವನೇ ಕಟ್ಟಿದ ಮಾಯೆ, ಅವನಿಗೂ ತಪ್ಪದು. ಓ ಎಂದು ಬಾಯಿ ತೆರೆದ ಸಲಕ್ಕೊಂದು ಹೆಸರು ಹೊರಗೆ ಬೀಳುತ್ತದೆ. ಆದರೆ ಅವನ ಹೆಸರು ಯಾರಿಗೂ ಗೊತ್ತಿಲ್ಲ. ನೀರಿಗೆ ಅವನು ಹೇಳುವುದೆಲ್ಲ ಕದ್ದ ಹೆಸರು.”

“ತನ್ನ ಹೆಸರಿಗೆ ಒಂದು ಉಡುಗೊರೆಯನ್ನೂ ಪಡೆದಿಲ್ವಾ?”

“ತೊಟ್ಟಿಲಿನದೂ ಇಲ್ಲ. ಅವನಿಗೆ ಅದನ್ನು ಹೇಳುವವರಿರಲಿಲ್ಲ.”

ಸುಗ್ಗಿ ಕುದುರೆಯ ಮೇಲೆ ಹಾರಿ ಕೂತಳು.

ಮಾಯಾವಿಯ ಕೋಟೆ ನಿಂತ ನೀರಿನದು. ಗೋಡೆಯೊಳಗೆ ಮೊಸಳೆಗಳು ಈಜುತ್ತಿದ್ದವು. ಅಂಗಳವೇ ಚೌಕಾಬಾರದ ಮನೆ, ಕಾಯಿಗಳಾಗಿ ನಿಂತವರು ಮನುಷ್ಯರು. ಅಣ್ಣನ ಕಣ್ಣು ಮಾತ್ರ ಅವಳ ಕಡೆ ಹೊರಳಿತು. ಮಾಯಾವಿ ಎಡಗೈ ಬಲಗೈಗಳ ನಡುವೆ ಆಟ ಹೂಡಿದ್ದ. ಎಡಗೈ ಇನ್ನೊಂದು ಕವಡೆ ಎಸೆದರೆ ಅಣ್ಣನ ಕಾಯಿ ಏಟಿಗೆ ಸಿಗುತ್ತಿತ್ತು.

“ಏನೇ ಹುಡುಗಿ, ಹೆಸರು ಕೊಡೋಕೆ ಬಂದ್ಯಾ?”

ಸುಗ್ಗಿ ಛತ್ರಿ ಬಿಚ್ಚಿ ನಿಂತಳು. “ಇಲ್ಲ ಸ್ವಾಮಿ, ಗುಟ್ಟುಮಾತು ತಂದಿದ್ದೀನಿ.”

“ನನ್ನ ಹತ್ರ ಇಲ್ಲದ್ದು ಯಾವುದೇ ಅದು?”

“ಇದನ್ನ ಎರಡನೇ ಸಲ ಪಡೆದವರು ಭೂಮಿ ಮೇಲೇ ಇಲ್ಲ ಸ್ವಾಮಿ. ಮಹಾರಾಣಿಗೂ ಒಂದೇ ಸಲ ಸಿಕ್ಕಿದ್ದು.”

ಮಾಯಾವಿ ಕವಡೆ ಎಸೆಯದೆ ಪಕ್ಕಕ್ಕಿಟ್ಟ. ಸುಗ್ಗಿ ತೊಟ್ಟಿಲಿನ ಆ ಮೊದಲ ಮಾತು ಹೇಳಿಕೊಟ್ಟಳು. ಅವನು ಹೊಟ್ಟೆಯಿಂದ ಒಂದು ಹೆಸರು ತೆಗೆದು ನೀರಿಗೆ ಹೇಳಿದ. “ಆಯ್ತಲ್ಲ!” ಎಂದಿತು ನೀರು. ಒಬ್ಬ ಸೇನಾಪತಿಯ ಹೆಸರು ತೆಗೆದ. “ಆಯ್ತಲ್ಲ!” ಒಬ್ಬ ರಾಜಕುಮಾರನದು ತೆಗೆದ. “ಆಯ್ತಲ್ಲ, ಎಷ್ಟು ಸಲ ಹೇಳೋದು!”

“ಒಂದು ಉಡುಗೊರೆಯನ್ನೂ ಪಡೆಯದ ಹೆಸರು ಬೇಕೇನೋ. ಅಂಥದ್ದು ನಿಮ್ಮ ಹತ್ರ ಎಲ್ಲಿಂದ ಬರಬೇಕು ಬಿಡಿ” ಎಂದು ಸುಗ್ಗಿ ಹೊರಡುವಂತೆ ತಿರುಗಿದಳು.

ಅವನು ಅತ್ತಿತ್ತ ನೋಡಿದ. ಮುಖವನ್ನು ನೀರಿಗೇ ತಾಗಿಸಿ ಏನೋ ಪಿಸುಗುಟ್ಟಿದ.

ಕೋಟೆ ಝಲ್ಲೆಂದಿತು. ಏಳು ಬೆಟ್ಟಗಳ ಆಚೆ ಈಚೆ, ಅಡುಗೆಮನೆ ಜಗಲಿಗಳಲ್ಲಿ, ಅರಮನೆಯಲ್ಲಿ, ಇದ್ದಬದ್ದ ಪರಾತಗಳೆಲ್ಲ ಒಂದೇ ದನಿಯಲ್ಲಿ ಕೂಗಿದವು: “ಗುಂಡುತಿಪ್ಪನಿಗೆ ಮೊದಲ ಉಡುಗೊರೆ!”

“ತಿಪ್ಪಾ!” ಎಂದಳು ಸುಗ್ಗಿ.

“ಓ” ಎಂದ ಮಾಯಾವಿ. ತಡೆಯಲಾಗಲಿಲ್ಲ. ಬಾಯಿಂದ ಮಿಂಚುಹುಳದಂಥ ಹೆಸರೊಂದು ಹಾರಿಹೋಯಿತು.

“ಯಾರೋ ಅವನು ಗುಂಡುತಿಪ್ಪ?” “ಲೋ ತಿಪ್ಪಾ!” “ತಿಪ್ಪಣ್ಣೋ!” ಮನೆಮನೆಯ ಪರಾತದಿಂದ ಜನ ಕರೆಯತೊಡಗಿದರು. ಓ, ಓ, ಓ ಎನ್ನುತ್ತಲೇ ಹೋದ ಅವನು. ಹೆಸರುಗಳು ಹಿಂಡುಹಿಂಡಾಗಿ ಹೊರಬಿದ್ದು ಆಕಾಶ ತುಂಬಿದವು. ಅಂದಿನಷ್ಟು ಬೆಳಕನ್ನು ಮಿಣುಕಾವತಿ ಮತ್ತೆ ಕಾಣಲಿಲ್ಲ. ಹೆಸರು ತಾಕಿದ ಕಾಯಿಗಳೆಲ್ಲ ಮೈಮುರಿದು ಮನುಷ್ಯರಾದವು. ಕೋಟೆ ಹೊಳೆಯಾಗಿ ಹರಿದುಹೋಯಿತು.

ಸುಗ್ಗಿಯ ಮನೆಯಲ್ಲಿ ಅವ್ವನ ನಾಲಿಗೆಯ ಮೇಲೆ ಏನೋ ಬೆಚ್ಚಗೆ ಬಂದು ಕೂತಿತು. “ಕರಿಬಸವಾ!” ಎಂದು ಕೂಗಿದಳು.

“ಓ ಅವ್ವಾ!” ಎನ್ನುತ್ತಾ ಅಣ್ಣ ತಂಗಿಯ ಕೈ ಹಿಡಿದು ಪರಾತದಿಂದ ಎದ್ದುಬಂದ. ನೆಲವೆಲ್ಲ ಒದ್ದೆ ಮಾಡಿದ್ದಕ್ಕೆ ಅವ್ವ ಇಬ್ಬರಿಗೂ ಬೈದು, ಆಮೇಲೆ ಅತ್ತಳು.

ಹೊಟ್ಟೆ ಖಾಲಿಯಾದ ಮಾಯಾವಿ ಮೊಣಕಾಲೆತ್ತರಕ್ಕೆ ಇಳಿದಿದ್ದ. ಅವನ ಮುಂದೆ ನೀರು ಕೊಟ್ಟ ಗಿಲಕಿ ಬಿದ್ದಿತ್ತು. ಎತ್ತಿಕೊಂಡು ಒಮ್ಮೆ ಅಲ್ಲಾಡಿಸಿದ. ಕಣ್ಣರಳಿಸಿ ಇನ್ನೊಮ್ಮೆ ಅಲ್ಲಾಡಿಸಿದ.

ಮಿಣುಕಾವತಿಯವರು ಸೋತು ಗೆದ್ದು ಬೈದಾಡಿಕೊಂಡು ಸುಖವಾಗಿದ್ದಾರೆ. ತಿಪ್ಪನೂ ಅಲ್ಲೇ ಇದ್ದಾನೆ. ಯಾರಾದರೂ ಆಟಕ್ಕೆ ಕರೆದರೆ ಸಾಕು, ಗಿಲಕಿ ಆಡಿಸುತ್ತಾ “ಓ” ಎಂದು ಓಡಿಬರುತ್ತಾನೆ.